ಟ್ಯೂಬುಲರ್ ಹಾಕಿಸ್ಬೇಕಾ, ಲಿಥಿಯಂ ಹಾಕಿಸ್ಬೇಕಾ? ನಮ್ಮ ಬಿಸಿಲಿಗೆ ಮನೆ ಬ್ಯಾಟರಿಯ ಲೆಕ್ಕ



ಈ ವಾರ ಬೀಜ, ಗೊಬ್ಬರ ಪಕ್ಕಕ್ಕಿಟ್ಟು ಮನೆಯೊಳಗಿನ ಒಂದು ದೊಡ್ಡ ಖರ್ಚಿನ ಬಗ್ಗೆ ಮಾತಾಡೋಣ. ನಾನು ಶಹಾಪುರ, ಸುರಪುರ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಇನ್ವರ್ಟರ್, ಸೋಲಾರ್ ಜೋಡಿಸುವ ಕೆಲಸ ಮಾಡುತ್ತೇನೆ. ಜೊತೆಗೆ ಹತ್ತಿ, ತೊಗರಿಯ ಹೊಲವೂ ಅದ. ಒಂದೆರಡು ವರ್ಷದಿಂದ ಹುಡುಗರು ಫೋನ್ ಮಾಡಿ ಕೇಳೋದು ಒಂದೇ ಪ್ರಶ್ನೆ: "ಅಣ್ಣಾ, ಟ್ಯೂಬುಲರ್ ಹಾಕಿಸ್ಲೋ, ಲಿಥಿಯಂ ಹಾಕಿಸ್ಲೋ?"

ಅಂಗಡಿಯವರು ತಮ್ಮಲ್ಲಿ ಸ್ಟಾಕ್ ಇದ್ದದ್ದನ್ನು ಹೇಳ್ತಾರೆ. ಮೊಬೈಲ್ ವಿಡಿಯೋದಲ್ಲಿ ಲಿಥಿಯಮ್ಮೇ ರಾಜ ಅಂತಾರೆ. ಮನೆಯಲ್ಲಿ ಅಪ್ಪ, "ನಮ್ಮ ಹಳೇ ಬ್ಯಾಟರಿ ಐದು ವರ್ಷ ಬಂದಿತ್ತಲ್ಲ" ಅಂತಾರೆ. ಮೂವರ ಮಾತೂ ಒಂದೊಂದು ಮನೆಗೆ ಖರೆ. ಅದಕ್ಕೇ ನಿಮ್ಮ ಮನೆಗೆ ಯಾವುದು ಖರೆ ಅನ್ನೋದನ್ನು ನೀವೇ ಲೆಕ್ಕ ಹಾಕಬೇಕು. 15 ರಿಂದ 30 ಸಾವಿರ ರೂಪಾಯಿ ಹಾಕಿದ ಬ್ಯಾಟರಿ ಎರಡನೇ ಬ್ಯಾಸಗಿಗೇ ಕೂತರೆ ರೊಕ್ಕ ಹೋದದ್ದಷ್ಟೇ ಅಲ್ಲ, ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಬರೆಯೋ ತಂಗಿ ಕತ್ತಲಲ್ಲಿ ಕೂತಿರ್ತಾಳೆ, ದಮ್ಮಿನ ಮಿಷನ್ ಹಚ್ಚಬೇಕಾದ ಅಜ್ಜಿ ಕರೆಂಟಿಗೆ ಕಾಯ್ತಿರ್ತಾಳೆ.

ಮೊದಲೇ ಉತ್ತರ ಹೇಳಿಬಿಡ್ತೀನಿ. ಕರೆಂಟ್ ಅಪರೂಪಕ್ಕೆ ಹೋಗುವ ಮನೆಗೆ ಟ್ಯೂಬುಲರ್ ಸಾಕು. ದಿನಾಲೂ ಬ್ಯಾಟರಿ ಮೇಲೆ ನಡೆಯುವ ಮನೆಗೆ, ಸೋಲಾರ್ ಇಟ್ಟ ಮನೆಗೆ ಲಿಥಿಯಂ ಲೆಕ್ಕ ಕೂಡ್ತದ. ಎರಡರ ನಡುವೆ ತೀರ್ಮಾನ ಮಾಡೋದು ನಮ್ಮ ಬಿಸಿಲು. ಹೆಂಗ ಅಂತ ಒಂದೊಂದಾಗಿ ನೋಡೋಣ.

ಎಎಚ್ ಬಿಡ್ರಿ, ಯೂನಿಟ್ ಹಿಡೀರಿ

ಬ್ಯಾಟರಿ ಮೇಲೆ 150 ಎಎಚ್, 100 ಎಎಚ್ ಅಂತ ಬರೆದಿರುತ್ತದೆ. ಅದನ್ನು ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಿದರೆ ಕರೆಂಟ್ ಬಿಲ್ಲಿನ ಯೂನಿಟ್ ಸಿಗುತ್ತದೆ.

- 12 ವೋಲ್ಟ್, 150 ಎಎಚ್ ಟ್ಯೂಬುಲರ್: 12 × 150 = 1800, ಅಂದರೆ 1.8 ಯೂನಿಟ್.
- 12.8 ವೋಲ್ಟ್, 100 ಎಎಚ್ ಲಿಥಿಯಂ: 12.8 × 100 = 1280, ಅಂದರೆ 1.28 ಯೂನಿಟ್.

ಇಷ್ಟೇ ನೋಡಿದರೆ ಟ್ಯೂಬುಲರ್ ದೊಡ್ಡದು. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬಾರದು. ಅರ್ಧದ ತನಕ ಬಳಸಿದರೆ ಮಾತ್ರ ಹೆಚ್ಚು ದಿನ ಬರ್ತದ. ಹಂಗಾಗಿ 1.8ರಲ್ಲಿ ನಮಗೆ ದಕ್ಕೋದು 0.9 ಯೂನಿಟ್. ಲಿಥಿಯಂನಲ್ಲಿ 80 ಭಾಗ ಧೈರ್ಯವಾಗಿ ಬಳಸಬಹುದು. 1.28ರಲ್ಲಿ 1.02 ಯೂನಿಟ್ ದಕ್ಕುತ್ತದೆ. ಅಂದರೆ 100 ಎಎಚ್ ಲಿಥಿಯಂ 150 ಎಎಚ್ ಟ್ಯೂಬುಲರಿನ ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ಇವೆರಡನ್ನು ಎದುರುಬದುರು ಇಟ್ಟು ರೇಟ್ ಕೇಳ್ರಿ. 150ಕ್ಕೆ 150 ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಒಂದು ವಿಷಯ ನೆನಪಿರಲಿ. ಸಾದಾ ಇನ್ವರ್ಟರ್ ಅರ್ಧಕ್ಕೆ ತಾನಾಗಿ ನಿಲ್ಲೋದಿಲ್ಲ. ಬ್ಯಾಟರಿ ತಳ ಕಂಡಾಗಲೇ ಬೀಪ್ ಹೊಡೀತದ. ಅರ್ಧಕ್ಕೆ ನಿಲ್ಲಿಸೋದು ಮನೆಯವರ ಕೈಯಲ್ಲೇ ಅದ.

ಮನೆಯ ಲೋಡ್ ಎಷ್ಟು?

ನಮ್ಮ ಕಡೆ ಸಾಧಾರಣ ಮನೆಯ ಲೋಡ್ ಹೀಗಿರುತ್ತದೆ:

- 9 ವ್ಯಾಟಿನ 4 ಎಲ್‌ಇಡಿ ಬಲ್ಬ್: 36 ವ್ಯಾಟ್
- 75 ವ್ಯಾಟಿನ 2 ಹಳೇ ಫ್ಯಾನ್: 150 ವ್ಯಾಟ್
- ಒಂದು ಸಣ್ಣ ಟಿವಿ: 50 ವ್ಯಾಟ್
- ಮೊಬೈಲ್ ಚಾರ್ಜ್, ವೈಫೈ: 20 ವ್ಯಾಟ್

ಒಟ್ಟು 256 ವ್ಯಾಟ್. ಇನ್ವರ್ಟರ್ ತಾನೇ ಒಂದಿಷ್ಟು ತಿನ್ನುತ್ತದೆ. 100ಕ್ಕೆ 15 ಭಾಗ ಅಂತ ಹಿಡಿದರೆ ಟ್ಯೂಬುಲರಿನ 0.9 ಯೂನಿಟ್‌ನಲ್ಲಿ ಬಲ್ಬು, ಫ್ಯಾನಿಗೆ ಮುಟ್ಟೋದು 765 ವ್ಯಾಟ್-ಅವರ್. ಅದನ್ನು 256ರಿಂದ ಭಾಗಿಸಿದರೆ 3 ತಾಸು.

ಈಗ ಎರಡು ಹಳೇ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕ್ರಿ. ಲೋಡ್ 166 ವ್ಯಾಟಿಗೆ ಇಳಿಯಿತು. ಅದೇ ಬ್ಯಾಟರಿ ನಾಲ್ಕೂವರೆ ತಾಸು ಎಳೆಯುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು: ಎರಡನೇ ಬ್ಯಾಟರಿ ತರೋಕಿಂತ ಮೊದಲು ಫ್ಯಾನ್ ಬದಲಿಸ್ರಿ. ಕಡಿಮೆ ಖರ್ಚಿನಲ್ಲಿ ಹೆಚ್ಚು ತಾಸು ಸಿಗೋ ದಾರಿ ಇದೇ.

ಫ್ರಿಜ್, ಮಿಕ್ಸರ್, ಇಸ್ತ್ರಿ, ನೀರಿನ ಮೋಟರ್ ಈ ಲೆಕ್ಕದಲ್ಲಿ ಇಲ್ಲ. ಅವನ್ನು ಇನ್ವರ್ಟರ್ ಲೈನಿನಿಂದ ಹೊರಗೇ ಇಡಬೇಕು.

ಅಂಗಡಿಯಲ್ಲಿ ಸಿಗೋ ಜಾತಿಗಳು

*ಗಾಡಿ ಬ್ಯಾಟರಿ.* ಟ್ರ್ಯಾಕ್ಟರ್, ಕಾರಿನ ಬ್ಯಾಟರಿಯೂ 12 ವೋಲ್ಟೇ ಅಲ್ವಾ ಅಂತ ಕೆಲವರು ಮನೆಗೆ ಹಚ್ಚುತ್ತಾರೆ. ಅದರ ಪ್ಲೇಟ್ ತೆಳು. ಸ್ಟಾರ್ಟ್ ಮಾಡುವಾಗ ಒಂದೆರಡು ಸೆಕೆಂಡ್ ಜೋರಾಗಿ ಕರೆಂಟ್ ಕೊಡೋಕೆ ಮಾಡಿದ್ದು. ತಾಸುಗಟ್ಟಲೆ ಎಳೆದರೆ ಬೇಗ ಸಾಯುತ್ತದೆ.

*ಟ್ಯೂಬುಲರ್.* ಇದೂ ಲೆಡ್ ಆಸಿಡ್. ಲೆಡ್ ಆಸಿಡ್ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದರು. ಅಷ್ಟು ಹಳೇ ವಿದ್ಯೆ ಆದ್ದರಿಂದ ರಿಪೇರಿ ಮಾಡುವವರು ಎಲ್ಲ ಊರಲ್ಲೂ ಇದ್ದಾರೆ. ಟ್ಯೂಬುಲರಿನಲ್ಲಿ ಪಾಸಿಟಿವ್ ಪ್ಲೇಟಿನ ಮಸಾಲೆ ಕೊಳವೆಯೊಳಗೆ ಇರುತ್ತದೆ, ಬೇಗ ಉದುರೋದಿಲ್ಲ. ಅರ್ಧ ಖಾಲಿ ಮಾಡಿ ತುಂಬುವ ಲೆಕ್ಕದಲ್ಲಿ ಒಳ್ಳೇ ಟ್ಯೂಬುಲರ್ ಸುಮಾರು 1200 ಸಲ ಬರುತ್ತದೆ. ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬಿಡುತ್ತದೆ, ಗಾಳಿ ಆಡಬೇಕು.

*ಎಸ್‌ಎಂಎಫ್.* ನೀರು ಹಾಕುವಂತಿಲ್ಲದ, ಮುಚ್ಚಿದ ಲೆಡ್ ಬ್ಯಾಟರಿ. ಕಂಪ್ಯೂಟರ್ ಯುಪಿಎಸ್, ಕಾಡುಹಂದಿಗೆ ಹಚ್ಚೋ ಝಟ್ಕಾ ಮಿಷನ್, ಎಣ್ಣಿ ಹೊಡೆಯೋ ಬ್ಯಾಟರಿ ಪಂಪಿನಲ್ಲಿ ಇರೋದು ಹೆಚ್ಚಾಗಿ ಇದೇ. ಸಣ್ಣ ಕೆಲಸಕ್ಕೆ ಅನುಕೂಲ. ಆದರೆ ಒಳಗಿನ ನೀರು ಒಮ್ಮೆ ಆರಿದರೆ ಮತ್ತೆ ಹಾಕೋಕೆ ಬರೋದಿಲ್ಲ. ಅದಕ್ಕೇ ಬಿಸಿಲಿಗೆ ಇದು ಇನ್ನೂ ನಾಜೂಕು.

*ಲಿಥಿಯಂ.* ಮನೆಗೆ ತರೋದಾದರೆ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಅನ್ನೋದನ್ನೇ ತರಬೇಕು. ಎನ್‌ಎಂಸಿ ಅನ್ನೋ ಇನ್ನೊಂದು ಜಾತಿ ಅದ. ಹಗುರ, ಆದರೆ ಕಾದರೆ ಎಲ್‌ಎಫ್‌ಪಿಗಿಂತ ಬೇಗ ಬೆಂಕಿ ಹತ್ತೋ ಸ್ವಭಾವ. 2022ರ ಬ್ಯಾಸಗಿಯಲ್ಲಿ ಇ-ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ವಿಡಿಯೋ ನೀವೆಲ್ಲ ನೋಡೀರಿ. ಅದರ ನಂತರ ಕೇಂದ್ರ ಸರ್ಕಾರ ಗಾಡಿ ಬ್ಯಾಟರಿಯ ಪರೀಕ್ಷೆಯ ನಿಯಮ ಬಿಗಿ ಮಾಡಿತು. ಮನೆಯಲ್ಲಿ ಮಂದಿ ಮಲಗಿರ್ತಾರೆ, ಹಂಗಾಗಿ ಎಲ್‌ಎಫ್‌ಪಿಯೇ ಸರಿ. ಇದು 80 ಭಾಗ ಬಳಸಿದರೂ 2000ದಿಂದ 4000 ಸಲ ಬರುತ್ತದೆ. ನೀರು ಬೇಡ, ಆಸಿಡ್ ಇಲ್ಲ. ಒಳಗೆ ಬಿಎಂಎಸ್ ಅನ್ನೋ ಸಣ್ಣ ಕಾವಲುಗಾರ ಬೋರ್ಡ್ ಇರುತ್ತದೆ. ಹೆಚ್ಚು ಚಾರ್ಜ್, ಹೆಚ್ಚು ಲೋಡ್, ಹೆಚ್ಚು ಬಿಸಿ ಆದರೆ ಅದು ಲೈನ್ ಕತ್ತರಿಸುತ್ತದೆ. ಆದರೆ ಆ ಬೋರ್ಡ್ ಕೆಟ್ಟರೆ ಊರಿನ ಮೆಕ್ಯಾನಿಕ್ ಕೈಯಲ್ಲಿ ಆಗೋದಿಲ್ಲ, ಕಂಪನಿಗೇ ಕಳಿಸಬೇಕು.

ನಮ್ಮ ಬಿಸಿಲು ಬ್ಯಾಟರಿಗೂ ಬಡಿಯುತ್ತದೆ

ಕಂಪನಿಯವರು ಆಯುಷ್ಯ ಬರೆಯೋದು ಸಾಮಾನ್ಯವಾಗಿ 25 ರಿಂದ 27 ಡಿಗ್ರಿ ತಾಪಮಾನದ ಲೆಕ್ಕದಲ್ಲಿ. ಲೆಡ್ ಬ್ಯಾಟರಿಗೆ ಒಂದು ಹಳೇ ನಿಯಮ ಅದ: ಸರಾಸರಿ ತಾಪ ಅದಕ್ಕಿಂತ 8 ರಿಂದ 10 ಡಿಗ್ರಿ ಏರಿದರೆ ಆಯುಷ್ಯ ಹತ್ತಿರ ಹತ್ತಿರ ಅರ್ಧ ಆಗುತ್ತದೆ. ಯಾದಗಿರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟೋದು ಹೊಸ ಮಾತಲ್ಲ. ಆ ಹೊತ್ತಿಗೆ ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚಿರುತ್ತದೆ. "ಬೆಂಗಳೂರಿನ ನಮ್ಮ ಮಾವನ ಮನಿಯಾಗ ಇದೇ ಬ್ಯಾಟರಿ ಆರು ವರ್ಷ ಬಂತು, ನಮ್ಮಲ್ಲಿ ಮೂರಕ್ಕೇ ಹೋಯ್ತು" ಅನ್ನೋ ಮಾತಿನಲ್ಲಿ ಬ್ಯಾಟರಿಯ ತಪ್ಪು ಕಡಿಮೆ, ಜಾಗದ ತಪ್ಪು ಹೆಚ್ಚು.

ಲಿಥಿಯಂ ಬಿಸಿಲಿಗೆ ಹೆದರೋದಿಲ್ಲ ಅಂತ ಕೆಲವರು ಹೇಳ್ತಾರೆ. ಅದು ಪೂರ್ತಿ ನಿಜ ಅಲ್ಲ. ಲೆಡ್‌ಗಿಂತ ಚಲೋ ತಡೆಯುತ್ತದೆ, ಆದರೆ ಕಾದಷ್ಟೂ ಅದರ ಆಯುಷ್ಯವೂ ಇಳಿಯುತ್ತದೆ. ಬಹಳ ಕಾದರೆ ಬಿಎಂಎಸ್ ಚಾರ್ಜನ್ನೇ ನಿಲ್ಲಿಸುತ್ತದೆ.

ಇದಕ್ಕೆ ಔಷಧ ಖರ್ಚಿಲ್ಲದ್ದು. ಹಳೇ ಮಣ್ಣಿನ ಮಾಳಿಗಿ ಮನೆ ಇದ್ದರೆ ಅದರ ಉತ್ತರದ ಗೋಡೆಗೆ ಬ್ಯಾಟರಿ ಇಡ್ರಿ. ಪರ್ಸಿ ಹಾಕಿದ ಮನೆಯಾದರೆ ಮಧ್ಯಾಹ್ನದ ಬಿಸಿಲು ಬೀಳದ ಪಡಸಾಲೆಯ ಮೂಲೆ ನೋಡ್ರಿ. ತಗಡಿನ ಕೆಳಗೆ ಇಡೋದು ಅನಿವಾರ್ಯ ಆದರೆ ತಗಡಿನ ಮೇಲೆ ಹತ್ತಿ ಕಟ್ಟಿಗಿ, ತೊಗರಿ ಕಟ್ಟಿಗಿ ಹೊರೆ ಹಾಕಬ್ಯಾಡ್ರಿ, ಕಿಡಿ ಬಿದ್ದರೆ ಅನಾಹುತ. ತಗಡಿಗೆ ಬಿಳಿ ಬಣ್ಣ ಹೊಡೆಸಿ, ಎರಡು ಬದಿ ಗಾಳಿಗೆ ಕಿಟಕಿ ಬಿಡ್ರಿ. ಅಡುಗೆ ಮನೆ, ಮಲಗೋ ಕೋಣೆ, ದೀಪ ಹಚ್ಚೋ ದೇವರ ಕೋಣೆಯಲ್ಲಿ ಲೆಡ್ ಬ್ಯಾಟರಿ ಬೇಡವೇ ಬೇಡ.

ಕರೆಂಟ್ ಎಷ್ಟು ತಾಸು ಇರ್ತದ ಅನ್ನೋದೂ ಮುಖ್ಯ

ಎಲ್ಲರೂ ಕರೆಂಟ್ ಎಷ್ಟು ತಾಸು ಹೋಗ್ತದ ಅಂತ ಮಾತ್ರ ನೋಡ್ತಾರೆ. ನಡುವೆ ಎಷ್ಟು ತಾಸು ಇರ್ತದ ಅನ್ನೋದೂ ಲೆಕ್ಕಕ್ಕೆ ಬರಬೇಕು. 150 ಎಎಚ್ ಟ್ಯೂಬುಲರನ್ನು 15 ಆಂಪಿಯರಿನಲ್ಲಿ ತುಂಬಿಸ್ತೀವಿ. ಪೂರ್ತಿ ಖಾಲಿಯಾದದ್ದು ತುಂಬೋಕೆ 10 ತಾಸಿಗಿಂತ ಹೆಚ್ಚು ಬೇಕು. ಅರ್ಧ ಖಾಲಿಯಾದದ್ದಕ್ಕೂ ಐದಾರು ತಾಸು ಬೇಕು, ಯಾಕಂದ್ರ ಕೊನೆಯ ಭಾಗ ನಿಧಾನಕ್ಕೆ ತುಂಬುತ್ತದೆ. ಎರಡು ತಾಸು ಬಂದು ಎರಡು ತಾಸು ಹೋಗುವ ಲೋಡ್‌ಶೆಡ್ಡಿಂಗ್ ದಿನಗಳಲ್ಲಿ ಅದು ಯಾವತ್ತೂ ಪೂರ್ತಿ ತುಂಬೋದೇ ಇಲ್ಲ. 2023ರ ಬರದ ವರ್ಷ ಹಳ್ಳಿಗಳಲ್ಲಿ ಕರೆಂಟ್ ಹೆಂಗ ಕಾಡಿತು ಅನ್ನೋದು ನಿಮಗೆ ನೆನಪಿರಬೇಕು.

ತುಂಬದೇ ಉಳಿದ ಲೆಡ್ ಬ್ಯಾಟರಿಯ ಪ್ಲೇಟಿನ ಮೇಲೆ ಬಿಳೀ ಉಪ್ಪಿನಂಥ ಸಲ್ಫೇಟ್ ಗಟ್ಟಿಯಾಗಿ ಕೂಡುತ್ತದೆ. ನಿಮ್ಮ ಎಣ್ಣಿ ಪಂಪಿನ ಬ್ಯಾಟರಿ ನೋಡ್ರಿ. ಹತ್ತಿಗೆ ಕೊನೇ ಸಲ ಹೊಡೆದು, ಖಾಲಿ ಬ್ಯಾಟರಿಯನ್ನು ಹಂಗೇ ಅಟ್ಟದ ಮೇಲೆ ಇಟ್ಟರೆ ಮುಂದಿನ ಮುಂಗಾರಿಗೆ ಚಾರ್ಜೇ ಹಿಡಿಯೋದಿಲ್ಲ. ಕಾರಣ ಇದೇ. ಲಿಥಿಯಂಗೆ ಈ ರೋಗ ಇಲ್ಲ. ಅರ್ಧ ತುಂಬಿ ಅರ್ಧ ಖಾಲಿ ಮಾಡಿದರೂ ನಡೆಯುತ್ತದೆ. ಚಾರ್ಜರ್ ಗಟ್ಟಿ ಇದ್ದರೆ ಮೂರು, ನಾಲ್ಕು ತಾಸಿನಲ್ಲಿ ತುಂಬುತ್ತದೆ.

ವರ್ಷಕ್ಕೆ ಎಷ್ಟು ಬೀಳ್ತದ?

ಈಗ ರೊಕ್ಕದ ಲೆಕ್ಕ. ಉದಾಹರಣೆಗೆ 150 ಎಎಚ್ ಟ್ಯೂಬುಲರ್ 15,000 ರೂಪಾಯಿ, 100 ಎಎಚ್ ಎಲ್‌ಎಫ್‌ಪಿ 30,000 ರೂಪಾಯಿ, ಹಳೇ ಟ್ಯೂಬುಲರ್ ವಾಪಸ್ ಕೊಟ್ಟರೆ 2,500 ರೂಪಾಯಿ ಅಂತ ಇಟ್ಟುಕೊಳ್ಳೋಣ. ನಿಮ್ಮ ಅಂಗಡಿಯ ರೇಟ್ ಬೇರೆ ಇದ್ದರೆ ಅದನ್ನೇ ಹಾಕಿ ಇದೇ ರೀತಿ ಲೆಕ್ಕ ಮಾಡ್ರಿ.

*ಅಪರೂಪಕ್ಕೆ ಕರೆಂಟ್ ಹೋಗುವ ಮನೆ, ತಂಪಾದ ಜಾಗ.* ಟ್ಯೂಬುಲರ್ 5 ವರ್ಷ ಬರ್ತದ ಅನ್ನೋಣ. 12,500 ಭಾಗಿಸು 5, ವರ್ಷಕ್ಕೆ 2,500 ರೂಪಾಯಿ. ಲಿಥಿಯಂ 10 ವರ್ಷ ಬಂದರೂ ವರ್ಷಕ್ಕೆ 3,000 ರೂಪಾಯಿ. ಇಲ್ಲಿ ಟ್ಯೂಬುಲರ್ ಗೆದ್ದಿತು. ಉಳಿದ 15,000 ಕೈಯಲ್ಲೇ ಇರ್ತದ, ಬೀಜಕ್ಕೋ ಗೊಬ್ಬರಕ್ಕೋ ಆಗ್ತದ.

*ದಿನಾ ರಾತ್ರಿ ಬ್ಯಾಟರಿ ಮೇಲೆ ನಡೆಯುವ ಮನೆ.* ವರ್ಷಕ್ಕೆ 365 ಸಲ ತುಂಬಿ ಖಾಲಿ. 1200 ಸಲ ಅಂದರೆ 3 ವರ್ಷ ಮತ್ತು ಸ್ವಲ್ಪ. 12,500 ಭಾಗಿಸು 3, ವರ್ಷಕ್ಕೆ ಸುಮಾರು 4,170 ರೂಪಾಯಿ, ಡಿಸ್ಟಿಲ್ಡ್ ವಾಟರ್ ಖರ್ಚು ಬೇರೆ. ಲಿಥಿಯಂ 3000 ಸಲ ಅಂದರೆ 8 ವರ್ಷ, ವರ್ಷಕ್ಕೆ 3,750 ರೂಪಾಯಿ. ಇಲ್ಲಿ ಲಿಥಿಯಂ ಸ್ವಲ್ಪ ಮುಂದೆ.

*ಅದೇ ಮನೆ, ಬ್ಯಾಟರಿ ಬಿಸಿ ಜಾಗದಲ್ಲಿ.* ಟ್ಯೂಬುಲರ್ 2 ವರ್ಷಕ್ಕೆ ಇಳಿಯಿತು ಅನ್ನೋಣ. ವರ್ಷಕ್ಕೆ 6,250 ರೂಪಾಯಿ. ಲಿಥಿಯಂ 8ರಿಂದ 6 ವರ್ಷಕ್ಕೆ ಇಳಿದರೂ 5,000 ರೂಪಾಯಿ. ಅಂತರ ದೊಡ್ಡದಾಯಿತು. ಜೊತೆಗೆ ಇನ್ನೊಂದನ್ನೂ ಗಮನಿಸ್ರಿ: ಜಾಗ ಬದಲಿಸಿದರೆ ಎರಡೂ ಬ್ಯಾಟರಿಗೆ ವರ್ಷಕ್ಕೆ ಸಾವಿರಾರು ರೂಪಾಯಿ ಉಳೀತದ.

ಒಂದು ಎಚ್ಚರಿಕೆ. ನಿಮ್ಮ ಹಳೇ ಇನ್ವರ್ಟರಿಗೆ ಲಿಥಿಯಂ ಸೆಟ್ಟಿಂಗ್ ಇಲ್ಲದೆ ಹೊಸ ಇನ್ವರ್ಟರ್ ಕೊಳ್ಳಬೇಕಾದರೆ, ಅದಕ್ಕೆ 8,000 ಅಂತ ಹಿಡಿದರೂ ಎರಡನೇ ಲೆಕ್ಕದಲ್ಲಿ ಲಿಥಿಯಂ ಖರ್ಚು ವರ್ಷಕ್ಕೆ 1,000 ಏರಿ 4,750 ಆಗ್ತದ. ಆಗ ಟ್ಯೂಬುಲರ್ ಮತ್ತೆ ಗೆಲ್ಲುತ್ತದೆ. ಅದಕ್ಕೇ ಇನ್ವರ್ಟರ್ ಚಲೋ ಇರೋ ತನಕ ಟ್ಯೂಬುಲರ್, ಇನ್ವರ್ಟರ್ ಬದಲಿಸೋ ವೇಳೆ ಬಂದಾಗ ಲಿಥಿಯಂ ಅನ್ನೋದು ಬಹಳ ಮನೆಗಳಿಗೆ ಸರಿಯಾದ ದಾರಿ.

"ಲಿಥಿಯಂ ನಮ್ಮ ಜಿಲ್ಲಾದಾಗೇ ಸಿಕ್ಕದಂತಲ್ಲ, ಇನ್ನ ರೇಟ್ ಬೀಳ್ತದ, ತಡೀತೀನಿ" ಅನ್ನೋವರೂ ಇದ್ದಾರೆ. ಸುದ್ದಿ ಏನಂದ್ರ, ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ 1,600 ಟನ್ ಲಿಥಿಯಂ ಅಂದಾಜು ಮಾಡಿದ್ದಾರೆ, ಯಾದಗಿರಿ ಜಿಲ್ಲೆಯಲ್ಲಿ ಪ್ರಾಥಮಿಕ ಸಮೀಕ್ಷೆ ನಡೆದದ ಅಂತ ಕೇಂದ್ರ ಸರ್ಕಾರ 2024ರಲ್ಲಿ ಸಂಸತ್ತಿಗೆ ತಿಳಿಸಿತು. ಸಮೀಕ್ಷೆಯಿಂದ ಗಣಿಗೆ, ಗಣಿಯಿಂದ ಬ್ಯಾಟರಿಗೆ ಬಹಳ ವರ್ಷ ಬೇಕು. ಅದನ್ನು ನಂಬಿ ಈ ಬ್ಯಾಸಗಿ ಕತ್ತಲಲ್ಲಿ ಕೂಡಬ್ಯಾಡ್ರಿ.

ಸೋಲಾರ್ ಜೋಡಿಸುವವರಿಗೆ

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆ ಮೇಲಿನ ಸೋಲಾರ್‌ಗೆ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಬಹಳ ಮಂದಿಗೆ ಗೊತ್ತಿಲ್ಲದ ವಿಷಯ ಒಂದಿದೆ: ಸಾದಾ ಆನ್-ಗ್ರಿಡ್ ಸೋಲಾರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಮಧ್ಯಾಹ್ನದ ಸುಡು ಬಿಸಿಲಿದ್ದರೂ ಫ್ಯಾನ್ ತಿರುಗೋದಿಲ್ಲ. ಕಂಬದ ಮೇಲೆ ಲೈನ್‌ಮನ್ ಕೆಲಸ ಮಾಡ್ತಿರುವಾಗ ನಿಮ್ಮ ಮನೆಯಿಂದ ಕರೆಂಟ್ ಲೈನಿಗೆ ಹರಿದರೆ ಅವರ ಜೀವ ಹೋಗುತ್ತದೆ, ಅದಕ್ಕೇ ಆ ವ್ಯವಸ್ಥೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಹಾಕಿಸಬೇಕು. ಸಬ್ಸಿಡಿ ಲೆಕ್ಕ ಪ್ಯಾನೆಲ್ ಕಿಲೋವ್ಯಾಟಿನ ಮೇಲೆ. ಬ್ಯಾಟರಿ ಖರ್ಚು ನಿಮ್ಮದೇ.

ಇನ್ನೊಂದು. 2023ರ ಜುಲೈಯಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನ ಮನೆಗಳಿಗೆ ಅವರವರ ಸರಾಸರಿ ಬಳಕೆಯ ಮಿತಿಯಲ್ಲಿ ಬಿಲ್ ಬರೋದಿಲ್ಲ. ನಿಮ್ಮ ಬಿಲ್ ಈಗಾಗಲೇ ಸೊನ್ನೆ ಇದ್ದರೆ "ಸೋಲಾರ್ ಹಾಕಿದರೆ ಬಿಲ್ ಉಳೀತದ" ಅನ್ನೋ ಮಾತು ನಿಮಗೆ ಅಷ್ಟಾಗಿ ಹೊಂದೋದಿಲ್ಲ. ಅಂಥ ಮನೆಗೆ ಸೋಲಾರ್ ಬೇಕಾದದ್ದು ಕರೆಂಟ್ ಇಲ್ಲದ ತಾಸುಗಳಿಗೆ. ಹಂಗಾಗಿ ದೊಡ್ಡ ಸೆಟ್ ಬೇಡ, ಒಂದೆರಡು ಪ್ಯಾನೆಲ್, ಒಂದು ಬ್ಯಾಟರಿಯ ಸಣ್ಣ ಸೆಟ್ ಸಾಕು. ಜೊತೆಗೆ, ದಿನಾ ಜೆಸ್ಕಾಂ ಕರೆಂಟಿನಿಂದಲೇ ಟ್ಯೂಬುಲರ್ ತುಂಬಿಸಿದರೆ ತಿಂಗಳಿಗೆ 35 ಯೂನಿಟ್ ಸುಮಾರು ಹೆಚ್ಚಾಗ್ತದ ಅನ್ನೋದೂ ನೆನಪಿರಲಿ. ಮಿತಿಯ ಅಂಚಿನಲ್ಲಿದ್ದರೆ ಬಿಲ್ ಬಂದೀತು.

ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ರಾತ್ರಿಗೆ 1 ಯೂನಿಟ್ ಉಳಿಸಬೇಕಾದರೆ ಟ್ಯೂಬುಲರಿಗೆ 1.25 ಯೂನಿಟ್ ತುಂಬಬೇಕು, ಯಾಕಂದ್ರ ಐದರಲ್ಲಿ ಒಂದು ಭಾಗ ಬಿಸಿಯಾಗಿ ಹೋಗುತ್ತದೆ. ಲಿಥಿಯಂಗೆ 1.05 ಸಾಕು. ಬರೀ ಬ್ಯಾಟರಿ ತುಂಬೋಕೇ ಮೊದಲನೆಯದಕ್ಕೆ ಸುಮಾರು 315 ವ್ಯಾಟ್, ಎರಡನೆಯದಕ್ಕೆ 265 ವ್ಯಾಟ್ ಪ್ಯಾನೆಲ್ ಬೇಕು. ಹಗಲು ಫ್ಯಾನ್ ನಡೆಸೋದು, ಆಷಾಢ ಶ್ರಾವಣದ ಮೋಡ ಸೇರಿಸಿ ಒಂದೂವರೆಯಿಂದ ಎರಡು ಪಟ್ಟು ಹಾಕಿಸ್ರಿ. ಸೋಲಾರ್‌ಗೆ ಟ್ಯೂಬುಲರ್ ತರೋದಾದರೆ ಸಿ-10 ರೇಟಿಂಗ್ ಇರೋದನ್ನೇ ಕೇಳ್ರಿ. ಸಿ-20 ಅಂದರೆ 20 ತಾಸಿನಲ್ಲಿ ನಿಧಾನ ಎಳೆದರೆ ಅಷ್ಟು ಎಎಚ್ ಅನ್ನೋ ಅರ್ಥ. ಸಿ-10 ಅಂದರೆ 10 ತಾಸಿನಲ್ಲಿ ಎಳೆದರೂ ಅಷ್ಟು ಕೊಡ್ತದ. ಮೇಲೆ ಬರೆದ ಅಂಕಿ ಒಂದೇ ಇದ್ದರೂ ಸಿ-10 ಗಟ್ಟಿ.

ಪಂಪ್‌ಸೆಟ್‌ಗೆ ಬ್ಯಾಟರಿ ಬ್ಯಾಡ

"ರಾತ್ರಿ ತ್ರೀ ಫೇಸ್ ಬಂದಾಗ ಹಾವು ಚೇಳಿನ ನಡುವೆ ನೀರು ಬಿಡೋಕೆ ಹೋಗೋದು ತಪ್ಪಲಿ, ಪಂಪಿಗೂ ಬ್ಯಾಟರಿ ಹಾಕ್ರಿ" ಅಂತ ಕೇಳ್ತಾರೆ. ಸಂಕಟ ಖರೆ, ಆದರೆ ಲೆಕ್ಕ ನೋಡ್ರಿ. 5 ಎಚ್‌ಪಿ ಪಂಪ್ ತಾಸಿಗೆ ಕಡಿಮೆ ಅಂದರೂ 4 ಯೂನಿಟ್ ತಿನ್ನುತ್ತದೆ. ಮೂರು ತಾಸಿಗೆ 12 ಯೂನಿಟ್. ಒಂದು ಟ್ಯೂಬುಲರ್ ಕೊಡೋದು 0.9. ಹದಿಮೂರು, ಹದಿನಾಲ್ಕು ಬ್ಯಾಟರಿ ಸಾಲಾಗಿ ಇಡಬೇಕು. ಯಾವ ಬೆಳೆಯೂ ಆ ಖರ್ಚು ತೀರಿಸೋದಿಲ್ಲ.

ಹೊಲಕ್ಕೆ ನೀರೇ ಬ್ಯಾಟರಿ. ಕರೆಂಟ್ ಇದ್ದಾಗ ಕೃಷಿ ಹೊಂಡವನ್ನೋ ತೊಟ್ಟಿಯನ್ನೋ ತುಂಬಿಸಿ, ಹಗಲು ಅಲ್ಲಿಂದ ಹನಿ ನೀರಾವರಿಗೆ ಬಿಡ್ರಿ. ಪಿಎಂ ಕುಸುಮ್‌ನಲ್ಲಿ ಕೊಡುವ ಸೋಲಾರ್ ಪಂಪಿಗೂ ಬ್ಯಾಟರಿ ಇರೋದಿಲ್ಲ. ಬಿಸಿಲಿದ್ದಾಗ ನೇರವಾಗಿ ನೀರು ಎತ್ತುತ್ತದೆ.

ಅಂಗಡಿಯಲ್ಲಿ ಕೇಳಬೇಕಾದ ಮಾತು

1. ವಾರಂಟಿ 36+18 ಅಂತ ಬರೆದಿದ್ದರೆ ಮೊದಲ 36 ತಿಂಗಳು ಮಾತ್ರ ಪುಕ್ಕಟೆ ಬದಲಾವಣೆ. ಉಳಿದ 18 ತಿಂಗಳು ಹೊಸದಕ್ಕೆ ರಿಯಾಯಿತಿ ಅಷ್ಟೇ. ಮೊದಲ ಅಂಕಿಯನ್ನೇ ವಾರಂಟಿ ಅಂತ ತಿಳೀರಿ.
2. ತಯಾರಾದ ತಿಂಗಳು ಯಾವುದು? ಆರೆಂಟು ತಿಂಗಳು ಚಾರ್ಜಿಲ್ಲದೆ ಕೂತ ಟ್ಯೂಬುಲರ್ ಬೇಡ.
3. ಲಿಥಿಯಂ ಆದರೆ: ಎಲ್‌ಎಫ್‌ಪಿ ಹೌದೋ ಅಲ್ಲೋ? ಎಷ್ಟು ಸಲ, ಎಷ್ಟು ಭಾಗ ಖಾಲಿ ಮಾಡಿದ ಲೆಕ್ಕದಲ್ಲಿ? ಬಿಎಂಎಸ್ ಎಷ್ಟು ಆಂಪಿಯರ್ ತಡೀತದ? ಸರ್ವಿಸ್ ಯಾದಗಿರಿ ಅಥವಾ ಕಲಬುರಗಿಯಲ್ಲಿ ಅದನೋ, ಬೆಂಗಳೂರಿಗೆ ಕಳಿಸಬೇಕೋ?
4. ಇನ್ವರ್ಟರಿನಲ್ಲಿ ಲಿಥಿಯಂ ಮೋಡ್ ಅದನೋ ಇಲ್ಲೋ? ಲೆಡ್ ಬ್ಯಾಟರಿಗೆ ಕೊಡುವ ಈಕ್ವಲೈಸ್ ಚಾರ್ಜ್ ಲಿಥಿಯಂಗೆ ಕೆಡುಕು.
5. 24 ವೋಲ್ಟ್ ಇನ್ವರ್ಟರ್ ಇದ್ದರೆ, ಎರಡು 12 ವೋಲ್ಟ್ ಲಿಥಿಯಂ ಸರಣಿಯಲ್ಲಿ ಜೋಡಿಸೋಕೆ ಕಂಪನಿ ಒಪ್ಪಿಗೆ ಅದನೋ?
6. ಪಕ್ಕಾ ಬಿಲ್, ಸೀರಿಯಲ್ ನಂಬರ್, ತಾರೀಖು. ಮೂರರ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ರಿ.

ಹಳೇ ಟವರ್ ಬ್ಯಾಟರಿ, ಹಳೇ ಇ-ರಿಕ್ಷಾ ಲಿಥಿಯಂ ಪ್ಯಾಕ್ ಅರ್ಧ ರೇಟಿಗೆ ಅಂತ ಯಾರಾದರೂ ತಂದರೆ ಕೈ ಹಾಕಬ್ಯಾಡ್ರಿ. ಅದರ ಆಯುಷ್ಯ ಎಷ್ಟು ಉಳಿದದ ಅಂತ ಹೊರಗಿನಿಂದ ತಿಳಿಯೋದಿಲ್ಲ.

ಟ್ಯೂಬುಲರ್ ಇದ್ದವರ ತಿಂಗಳ ಕೆಲಸ

ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡ್ರಿ, ಬ್ಯಾಸಗಿಯಲ್ಲಿ 15 ದಿನಕ್ಕೊಮ್ಮೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ನಮ್ಮ ಬೋರಿನ ನೀರು ಗಡಸು, ಅದರ ಉಪ್ಪು ಪ್ಲೇಟ್ ತಿನ್ನುತ್ತದೆ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರೂ ಡಿಸ್ಟಿಲ್ಡ್ ಅಲ್ಲ. ಪೂರ್ತಿ ಚಾರ್ಜ್ ಆದ ಮೇಲೆ ನೀರು ಹಾಕ್ರಿ, ಆಸಿಡ್ ಎಂದೂ ಹಾಕಬ್ಯಾಡ್ರಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಬೂಷ್ಟು ಬಂದರೆ ಮೊದಲು ಇನ್ವರ್ಟರ್ ಆಫ್ ಮಾಡಿ, ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ಒರೆಸಿ, ಒಣಗಿಸಿ, ವ್ಯಾಸಲಿನ್ ಹಚ್ಚಿ. ಕರೆಂಟ್ ಚಲೋ ಇರೋ ತಿಂಗಳಲ್ಲಿಯೂ ಒಮ್ಮೆ ಮೇನ್ ಆಫ್ ಮಾಡಿ ಒಂದು ತಾಸು ಬ್ಯಾಟರಿ ಮೇಲೆ ನಡೆಸ್ರಿ. ಆಸಿಡ್ ಕಣ್ಣಿಗೆ ಸಿಡಿದರೆ ತಡ ಮಾಡದೆ ಹರಿಯೋ ನೀರಿನಲ್ಲಿ ಬಹಳ ಹೊತ್ತು ತೊಳೆದು ದವಾಖಾನೆಗೆ ಹೋಗ್ರಿ.

ಬ್ಯಾಟರಿ ಸತ್ತ ಮೇಲೆ ಆಸಿಡನ್ನು ಹಿತ್ತಲಿಗೋ ಬದುವಿಗೋ ಚೆಲ್ಲಬ್ಯಾಡ್ರಿ. ಅದರಲ್ಲಿರೋ ಸೀಸ ಮಣ್ಣಿಗೂ ಬಾವಿಗೂ ಇಳಿದರೆ ಬೇಗ ಹೋಗೋದಿಲ್ಲ, ಮೊದಲು ಪೆಟ್ಟು ತಿನ್ನೋದು ಮಕ್ಕಳ ಮಿದುಳು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸೋದು ತಯಾರಕರ ಜವಾಬ್ದಾರಿ. ಆಸಿಡ್ ಸಮೇತ ಹಂಗೇ ಅಂಗಡಿಗೆ ಕೊಟ್ಟು, ಹೊಸದರ ಬೆಲೆಯಲ್ಲಿ ಕಡಿತ ಮಾಡಿಸಿಕೊಳ್ರಿ.

ಕೊಳ್ಳೋ ಮೊದಲು ಒಂದು ಸಣ್ಣ ಕೆಲಸ ಮಾಡ್ರಿ. ಒಂದು ವಾರ ಮೊಬೈಲ್ ನೋಟ್ಸಿನಲ್ಲಿ ಕರೆಂಟ್ ಎಷ್ಟು ಗಂಟೆಗೆ ಹೋಯ್ತು, ಎಷ್ಟಕ್ಕೆ ಬಂತು ಬರೀರಿ. ಬ್ಯಾಟರಿ ಇಡೋ ಜಾಗದಲ್ಲಿ ಮಧ್ಯಾಹ್ನ ಮೂರಕ್ಕೆ ಐದು ನಿಮಿಷ ಕೂತು ನೋಡ್ರಿ. ನಿಮಗೆ ಕೂಡೋಕೆ ಆಗದ ಜಾಗದಲ್ಲಿ ಬ್ಯಾಟರಿಯೂ ಬಾಳೋದಿಲ್ಲ. ಈ ಎರಡು ಕೈಯಲ್ಲಿದ್ದರೆ ಅಂಗಡಿಯಲ್ಲಿ ಯಾರೂ ನಿಮಗೆ ಬೇಡದ್ದನ್ನು ಕಟ್ಟೋಕೆ ಆಗೋದಿಲ್ಲ.

ಮುಂದಿನ ವಾರ ಎಣ್ಣಿ ಪಂಪಿನ ಬ್ಯಾಟರಿ ಮತ್ತು ನಾಜಲ್ ನಿಗಾ ಬಗ್ಗೆ ನೋಡೋಣ.